ತಪಾಸಣೆಗೆಂದು ಹಾಸಿದ ಐದು ಮಂಚಗಳು

1978ರ ಮಾರ್ಚ್ 31, ಶುಕ್ರವಾರ, ಬೆಳಿಗ್ಗೆ ಆರೂವರೆ. ಸ್ಥಳ: ರಾಜಾಜಿನಗರದ ನಮ್ಮ ಬಡಾವಣೆಯ ಸಮಾಜ ಭವನದ ಹಿಂದಿದ್ದ ಶೀಟಿನ ಕೋಣೆ. ಹಾಜರಿದ್ದವರು: ನಾನು, ಕೇಂದ್ರದ ಕಾರ್ಯದರ್ಶಿಗಳು, ರಾತ್ರಿ ಪಾಳಿ ಮುಗಿಸಿ ಬಟ್ಟೆ ಗಿರಣಿಯಿಂದ ನೇರವಾಗಿ ಬಂದ ನಾಲ್ವರು, ಲಗ್ಗೆರೆಯಿಂದ ಸೈಕಲ್ ತುಳಿದು ಬಂದ, ಫ್ಯಾಕ್ಟರಿಯಲ್ಲಿ ಲೇತ್ ಯಂತ್ರ ನಡೆಸುವ ಒಬ್ಬ ಟರ್ನರ್. ಬರಬೇಕಾಗಿದ್ದವರು ಸರ್ಕಾರದ ತಪಾಸಣಾಧಿಕಾರಿ. ಹತ್ತು ಗಂಟೆಗೆ ಬರುತ್ತೇನೆಂದು ಪತ್ರ ಬರೆದಿದ್ದರು.

ಆಗ ನಾನು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಡ್ಯೂಟಿಗೆ ಮುಂಚೆ ಒಂದು ಗಂಟೆ, ಡ್ಯೂಟಿ ಮುಗಿದ ಮೇಲೆ ಎರಡು ಗಂಟೆ ಈ ಕೋಣೆಯಲ್ಲಿರುತ್ತಿದ್ದೆ. ಕುಡಿತ ಬಿಡಬೇಕೆಂದು ಬಂದವರಿಗೆ ನಾವು ನಡೆಸುತ್ತಿದ್ದ ಕೇಂದ್ರ ಅದು. ನಾವು ಅಂದರೆ ಮೂವರು. ನಾನು ಒಬ್ಬಳು. ನಿವೃತ್ತ ಪೋಸ್ಟ್‌ಮಾಸ್ಟರ್ ಆಗಿದ್ದ ಕಾರ್ಯದರ್ಶಿಗಳು ಇನ್ನೊಬ್ಬರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಒಂದು ಫೈಲು. ಮೂರನೆಯವರು ನಮ್ಮ ಆಸ್ಪತ್ರೆಯ ಡಾಕ್ಟರು. ವಾರಕ್ಕೆ ಎರಡು ಸಂಜೆ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದರು.

ಚಿಕಿತ್ಸೆ ಅಂದರೆ ಒಂದು ಮಾತ್ರೆ ಮತ್ತು ಒಂದು ವೇಳಾಪಟ್ಟಿ. ಮಾತ್ರೆ ನುಂಗಿದ ಮನುಷ್ಯ ಕುಡಿಯದಿದ್ದರೆ ಏನೂ ಆಗುವುದಿಲ್ಲ. ಕುಡಿದರೆ ಮುಖ ಕೆಂಡದ ಹಾಗೆ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಕೆಲವರಿಗೆ ಜೀವವೇ ಹೋಗುವಷ್ಟು ಸುಸ್ತಾಗುತ್ತದೆ. ಆ ಭಯ ಬೆಳಗಿನ ಔಷಧಿ. ಆದರೆ ಭಯ ಸಂಜೆಯವರೆಗೆ ಉಳಿಯುವುದು ಕಷ್ಟ. ಫ್ಯಾಕ್ಟರಿಯ ಗೇಟಿನಿಂದ ಮನೆಯ ಬಾಗಿಲವರೆಗಿನ ದಾರಿ ಇದೆಯಲ್ಲ, ಅಪಾಯ ಇರುವುದು ಅಲ್ಲಿ. ಅದಕ್ಕೇ ಸಂಜೆ ನಾಲ್ಕೂಮುಕ್ಕಾಲಿಗೆ ಎಲ್ಲರೂ ಕೆಲಸದ ಬಟ್ಟೆಯಲ್ಲೇ ಮತ್ತೆ ಬರಬೇಕು, ಪುರಿ ತಿಂದು, ಟೀ ಕುಡಿದು, ಏಳು ಗಂಟೆಯವರೆಗೆ ಕೂತು ಹೋಗಬೇಕು ಎಂದು ನಿಯಮ ಮಾಡಿದ್ದೆ. ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ಪ್ರತಿಯೊಬ್ಬರೂ ಎಲ್ಲರ ಎದುರು ಒಂದು ಮಾತು ಹೇಳಬೇಕು: ನಿನ್ನೆ ಕುಡಿದೆ, ಅಥವಾ ಕುಡಿಯಲಿಲ್ಲ. ಕುಡಿದೆ ಎಂದು ಹೇಳಿದವನಿಗೆ ಶಿಕ್ಷೆ ಇಲ್ಲ. ಕುಡಿದು ಇಲ್ಲ ಎಂದವನಿಗೆ ಒಂದು ವಾರ ಬಾಗಿಲು ಬಂದ್. ಈ ವಿಷಯದಲ್ಲಿ ನಾನು ಯಾರ ಕಣ್ಣೀರಿಗೂ ಕರಗುತ್ತಿರಲಿಲ್ಲ.

ಹೀಗೆ ಸುಮಾರು ಇಪ್ಪತ್ತು ಮಂದಿ ಬರುತ್ತಿದ್ದರು. ಶನಿವಾರ ಸಂಜೆ ಲಗ್ಗೆರೆ, ಹೇರೋಹಳ್ಳಿ ಕಡೆಯ ಕೂಲಿ ಸಾಲುಗಳಿಗೆ ಹೋಗಿ, ಇನ್ನೂ ಚಟಕ್ಕೆ ಬೀಳದ ಹುಡುಗರಿಗೂ ಅವರ ತಾಯಂದಿರಿಗೂ ತಿಳಿಹೇಳುವ ಕೆಲಸವೂ ಇತ್ತು. ಇಷ್ಟಕ್ಕೆಲ್ಲ ಮಾತ್ರೆಯನ್ನು ನಾವು ದಾನಿಗಳನ್ನು ಹಿಡಿದು ತರಿಸುತ್ತಿದ್ದೆವು. ಆ ವರ್ಷ ದಾನಿಗಳು ಬೇಸತ್ತರು. ಡಬ್ಬಿಯಲ್ಲಿ ಎರಡು ವಾರಕ್ಕೆ ಸಾಲುವಷ್ಟು ಮಾತ್ರೆ ಉಳಿದಿತ್ತು.

ಇಂಥ ಸೇವೆಗಳಿಗೆ ಸರ್ಕಾರದ ಸಹಾಯಧನ ಇದೆಯೆಂದು ಕಾರ್ಯದರ್ಶಿಗಳು ಪತ್ತೆ ಮಾಡಿ ಅರ್ಜಿ ಹಾಕಿದ್ದರು. ಮೊದಲನೆಯ ಸಲ ಕಂದಾಯದ ರಸೀದಿ ಇಲ್ಲವೆಂದು ವಾಪಸ್ ಬಂತು. ಎರಡನೆಯ ಸಲ ಹಾಸಿಗೆಗಳಿಲ್ಲವೆಂದು ಬಂತು. ಯೋಜನೆಯ ನಿಯಮದಲ್ಲಿ ಕನಿಷ್ಠ ಐದು ಮಂದಿ ಒಳರೋಗಿಗಳು ಇರಬೇಕೆಂದಿತ್ತು. ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ರೋಗಿಗಳು ಗುಣವಾಗುತ್ತಿದ್ದುದೇ ಮಲಗದೆ ಕೆಲಸಕ್ಕೆ ಹೋಗುತ್ತಿದ್ದುದರಿಂದ. ಇದನ್ನು ವಿವರಿಸಿ ನಾನು ಬರೆದ ಎರಡು ಪುಟಗಳಿಗೆ ಉತ್ತರ ಬರಲಿಲ್ಲ. ತಪಾಸಣೆಯ ದಿನಾಂಕ ಮಾತ್ರ ಬಂತು. ಅದು ಆರ್ಥಿಕ ವರ್ಷದ ಕೊನೆಯ ದಿನ.

ಕಾರ್ಯದರ್ಶಿಗಳು ಹೇಳಿದರು: "ಸಿಸ್ಟರ್, ಐದು ಮಂಚ ಹಾಕೋಣ. ಐದು ಜನ ಮಲಗಲಿ. ಒಂದು ದಿನದ ಮಾತು."

ನಾನು ಒಪ್ಪಿದೆ. ಗಿರಣಿಯ ನಾಲ್ವರು ರಾತ್ರಿ ಪಾಳಿಯವರು. ಹೇಗಿದ್ದರೂ ಹಗಲು ಎಲ್ಲಾದರೂ ಮಲಗಲೇಬೇಕು. ಐದನೆಯವನು ಬೇಕಾಗಿತ್ತು. ಗುರುವಾರ ಸಂಜೆ ಹಗಲು ಕೆಲಸದವರನ್ನೆಲ್ಲ ಕೇಳಿದೆ. ಎಲ್ಲರೂ ಒಂದೊಂದು ನೆಪ ಹೇಳಿದರು. ಲಗ್ಗೆರೆಯ ಟರ್ನರ್ ಮಾತ್ರ ನೆಪ ಹೇಳಲಿಲ್ಲ, ಕಾರಣ ಹೇಳಿದ.

"ನಂಗೆ ಮಲಗೋಕೆ ಹೇಳ್ಬೇಡಿ ಸಿಸ್ಟರ್. ಲೇತ್ ಮುಂದೆ ನಿಂತಿದ್ರೆ ನಂಗೆ ಅದರ ನೆನಪೇ ಬರಲ್ಲ. ಸುಮ್ನೆ ಇದ್ರೆ ಆಗಲ್ಲ. ಭಾನುವಾರ ಒಂದಿನ ಕಳ್ಯೋಕೇ ನಮ್ಮೋಳು ನಂಗೆ ಅಕ್ಕಿ ಆರ್ಸೋಕೆ ಕೂರಿಸ್ತಾಳೆ."

ಜೊತೆಗೆ ಫ್ಯಾಕ್ಟರಿಯ ಭಯವೂ ಇತ್ತು. ಹಿಂದೆ ಕುಡಿದು ಕೆಲಸ ತಪ್ಪಿಸಿದ್ದಕ್ಕೆ ಒಮ್ಮೆ ಹೊರಗೆ ಹಾಕಿದ್ದರು. ಹೆಂಡತಿ ಫೋರ್‌ಮನ್ ಮನೆಗೆ ಹೋಗಿ ಅತ್ತ ಮೇಲೆ ವಾಪಸ್ ತೆಗೆದುಕೊಂಡು, ಇನ್ನೊಂದು ಸಲ ಹೇಳದೆ ಕೇಳದೆ ಗೈರುಹಾಜರಾದರೆ ಮುಗಿಯಿತು ಎಂದು ಬರೆಸಿಕೊಂಡಿದ್ದರು. ಆ ದಿನಕ್ಕೆ ಆತ ಕುಡಿಯದೆ ಅರವತ್ತೇಳು ದಿನ. ನನ್ನ ಲೆಕ್ಕದಲ್ಲಿ ತೊಂಬತ್ತು ದಾಟಿದವರು ಸಾಮಾನ್ಯವಾಗಿ ಮತ್ತೆ ಕುಡಿತಕ್ಕೆ ಬೀಳುತ್ತಿರಲಿಲ್ಲ.

"ಒಂದು ದಿನ ಕಣಪ್ಪ," ಎಂದೆ. "ಫ್ಯಾಕ್ಟರಿಗೆ ನಾನು ಪತ್ರ ಕೊಡ್ತೀನಿ. ಇಪ್ಪತ್ತು ಜನರ ಮಾತ್ರೆ ಪ್ರಶ್ನೆ."

ಆತ ತಲೆಯಾಡಿಸಿದ. ಎರಡು ತಿಂಗಳಿಂದ ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು ಬಂದವನು. ಕೇಳುವುದನ್ನು ಕಲಿಸಿದವಳೂ ನಾನೇ. ಒಂದು ದಿನಕ್ಕೆ ಏನಾಗುತ್ತದೆ ಎಂಬುದು ಕುಡಿಯುವವರು ಹೇಳುವ ಮಾತು. ಅದನ್ನು ನಾನು ಹೇಳುತ್ತಿದ್ದೇನೆ ಎಂದು ಆಗ ನನಗೆ ಹೊಳೆಯಲಿಲ್ಲ.

ಶುಕ್ರವಾರ ನಾನು ಆಸ್ಪತ್ರೆಗೆ ರಜೆ ಹಾಕಿದ್ದೆ. ಏಳು ಗಂಟೆಯೊಳಗೆ ಉಳಿದವರೆಲ್ಲ ಮಾತ್ರೆ ನುಂಗಿ ಕೆಲಸಕ್ಕೆ ಹೋದರು. ಏಳಕ್ಕೆ ಷಾಮಿಯಾನದ ಅಂಗಡಿಯ ಗಾಡಿಯಲ್ಲಿ ಮಂಚಗಳು ಬಂದವು. ಚಾದರಗಳ ಮೇಲೆಲ್ಲ ಅಂಗಡಿಯ ಹೆಸರು. ಆ ಕಡೆ ಕೆಳಗೆ ಬರುವಂತೆ ಹಾಸಿ, ಆಸ್ಪತ್ರೆಯ ಕ್ರಮದಲ್ಲಿ ಮೂಲೆ ಮಡಿಸಿದೆ. ದಿಂಬು ಸಾಲದೆ ಕಾರ್ಯದರ್ಶಿಗಳು ತಮ್ಮ ಮನೆಯಿಂದ ತಂದರು. ಒಂದರ ಮೇಲೆ ಎರಡು ಗಿಳಿ, ಕೆಳಗೆ ಇಂಗ್ಲಿಷಿನಲ್ಲಿ "ಸ್ವೀಟ್ ಡ್ರೀಮ್ಸ್" ಎಂದು ಕಸೂತಿ.

ಗಿರಣಿಯ ನಾಲ್ವರಲ್ಲಿ ಒಬ್ಬ ಬಾಯಾಳಿ. ದಿಂಬು ನೋಡಿದ್ದೇ, "ಏನ್ ಸಾರ್, ನಮ್ಗೆ ಮದ್ವೆ ಗಿದ್ವೆ ಮಾಡಿಸ್ತೀರಾ?" ಎಂದ.

"ನಿಂಗೆ ಆಗಿರೋ ಮದ್ವೆ ಉಳ್ಸಿಕೊಟ್ರೆ ಸಾಕಪ್ಪ," ಎಂದರು ಕಾರ್ಯದರ್ಶಿಗಳು.

ಎಲ್ಲರೂ ನಕ್ಕರು. ಟರ್ನರ್ ಕೂಡ ನಕ್ಕ. ಒಳರೋಗಿಯ ಬಟ್ಟೆ, ಚಪ್ಪಲಿಗಳನ್ನು ತೆಗೆದಿಡುವುದು ಆಸ್ಪತ್ರೆಯ ಪದ್ಧತಿ. ಐವರಿಗೂ ಪಂಚೆ ಬನಿಯನ್ ಕೊಟ್ಟು, ಅವರ ಬಟ್ಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಎಂಟರ ಹೊತ್ತಿಗೆ ಗಿರಣಿಯವರು ಗೊರಕೆ ಹೊಡೆಯುತ್ತಿದ್ದರು. ಟರ್ನರ್ ಶೀಟು ನೋಡುತ್ತ ಮಲಗಿದ್ದ. ಒಂಬತ್ತಕ್ಕೆ ಎದ್ದು ಕೂತ. ಹತ್ತಾಯಿತು, ಅಧಿಕಾರಿ ಬರಲಿಲ್ಲ. ಹತ್ತೂವರೆಗೆ ನೋಡಿದರೆ ಆತ ನೆಲದ ಮೇಲೆ ಕೂತು, ಅಲುಗುತ್ತಿದ್ದ ಮಂಚದ ಕಾಲಿಗೆ ರಟ್ಟಿನ ಚೂರು ಸಿಕ್ಕಿಸುತ್ತಿದ್ದ.

"ಮಲಕ್ಕೋಪ್ಪ. ಪೇಷಂಟು ರಿಪೇರಿ ಕೆಲ್ಸ ಮಾಡ್ತಾನಾ?"

"ಅಲ್ಲಾಡ್ತಾ ಇತ್ತು ಸಿಸ್ಟರ್."

ಹನ್ನೊಂದಕ್ಕೆ ಕಿಟಕಿಯ ಚಿಲಕ ಸರಿಮಾಡಿದ. ಹನ್ನೆರಡಕ್ಕೆ ನೀರಿನ ಹಂಡೆ ತೊಳೆದ. ಪ್ರತಿ ಸಲವೂ ನಾನು ಕೈ ಹಿಡಿದು ಮಂಚಕ್ಕೆ ಕಳುಹಿಸಿದೆ. ಒಂದೂವರೆಗೆ ಚಿತ್ರಾನ್ನ ಕೊಟ್ಟಾಗ ಅರ್ಧ ತಿಂದು ಬಿಟ್ಟ. ಪಂಚೆಯ ಅಂಚಿನ ದಾರಗಳನ್ನು ಒಂದೊಂದಾಗಿ ಎಳೆಯುತ್ತ ಕೂತ. ನಾನು ಅದನ್ನು ನೋಡಿದೆ. ನೋಡಿದೆ ಎಂದು ಇಲ್ಲಿ ಬರೆಯಲೇಬೇಕು. ಫ್ಯಾಕ್ಟರಿಗೆ ಮಧ್ಯಾಹ್ನದ ಮೇಲಾದರೂ ಹೋಗಲೇ ಎಂದು ಕೇಳಿದ. ಕಾರ್ಯದರ್ಶಿಗಳು ಗೇಟಿನಿಂದಲೇ, "ಇನ್ನೇನು ಬಂದ್ಬಿಡ್ತಾರೆ, ಈಗ ಎದ್ದ್ರೆ ಹೆಂಗೆ?" ಎಂದರು. ನಾನೂ ಹಾಗೇ ಎಂದೆ.

ಅಧಿಕಾರಿ ಬಂದದ್ದು ಮೂರು ಗಂಟೆ ನಲವತ್ತು ನಿಮಿಷಕ್ಕೆ. ಕೆಟ್ಟ ಮನುಷ್ಯನಲ್ಲ. ನಮ್ಮದು ಅಂದಿನ ಆರನೆಯ ಜಾಗವಂತೆ, ಊಟವನ್ನೂ ಮಾಡಿರಲಿಲ್ಲ. ನಾನು ಕೊಟ್ಟ ಮಜ್ಜಿಗೆಯನ್ನು ನಿಂತೇ ಕುಡಿದರು. ಕೋಣೆ ನೋಡಿ, "ಶುಚಿಯಾಗಿದೆ," ಎಂದು ಫಾರಂನಲ್ಲಿ ಗುರುತು ಹಾಕಿದರು. ಗಿರಣಿಯವರ ಮಂಚಗಳ ಮುಂದೆ ಹೋದರು. ಬಾಯಾಳಿ ಕಣ್ಣುಜ್ಜಿಕೊಂಡು, "ತುಂಬಾ ಸುಧಾರಿಸಿದೆ ಸಾರ್," ಎಂದ. ಅಧಿಕಾರಿ ಮುಗುಳ್ನಕ್ಕು ಟರ್ನರ್ ಹತ್ತಿರ ನಿಂತರು.

"ನೀವು ಎಷ್ಟು ದಿನದಿಂದ ಇಲ್ಲಿ ಮಲಗಿದೀರಿ?"

ಟರ್ನರ್ ನನ್ನನ್ನು ನೋಡಿದ. ಬೆಳಿಗ್ಗೆ ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ನೋಡುತ್ತಿದ್ದ ಹಾಗೆಯೇ.

"ಇವತ್ತು ಬೆಳಿಗ್ಗೆಯಿಂದ ಸಾರ್. ನಂದು ಫ್ಯಾಕ್ಟ್ರಿ ಕೆಲ್ಸ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನಮ್ಮಲ್ಲಿ ಯಾರೂ ಮಲಗುವುದಿಲ್ಲ, ಹದಿನಾರು ಮಂದಿ ಈಗ ಕೆಲಸದಲ್ಲಿದ್ದಾರೆ, ನಾಲ್ಕೂಮುಕ್ಕಾಲಿಗೆ ಬರುತ್ತಾರೆ, ಕಣ್ಣಾರೆ ನೋಡಿ ಬರೆಯಿರಿ.

ಅವರು ಗಡಿಯಾರ ನೋಡಿಕೊಂಡರು. "ಐದಕ್ಕೆ ಕಾಗದ ನಮ್ಮ ಆಫೀಸ್ ಟೇಬಲ್ ಮೇಲಿರ್ಬೇಕು ಸಿಸ್ಟರ್. ಇವತ್ತು ದಾಟಿದ್ರೆ ಈ ವರ್ಷದ ದುಡ್ಡು ವಾಪಸ್. ನೀವು ಕೆಲ್ಸ ಮಾಡ್ತಿದೀರಿ ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಎದ್ದು ಓಡಾಡೋ ರೋಗಿಗೆ ಈ ಫಾರಂನಲ್ಲಿ ಕಾಲಂ ಇಲ್ಲ."

"ನಾಲ್ಕು ಜನ ಅಂತ ಬರ್ಕೊಳ್ಳಿ ಸಾರ್, ನಾಲ್ಕಕ್ಕೇ ಕೊಡ್ಸಿ," ಎಂದು ಕಾರ್ಯದರ್ಶಿಗಳು ಕೈ ಮುಗಿದರು.

"ಐದು ಅಂತಿದೆ ಸ್ವಾಮಿ. ಈ ನಾಲ್ಕನ್ನೂ ನಾನು ಈಗ ಹೇಗೆ ಬರೀಲಿ, ಹೇಳಿ." ಪೆನ್ನಿನ ಮುಚ್ಚಳ ಮತ್ತೆ ತೆಗೆದು, "ಸಾರಾಯಿ ಅಂಗ್ಡಿ ಹರಾಜಿನ ಕಾಗದ ಒಂದೇ ದಿನಕ್ಕೆ ಸಹಿ ಆಗುತ್ತೆ, ಇದು ಮಾತ್ರ ಹಿಂಗೆ. ನಾನೇನ್ ಮಾಡ್ಲಿ?" ಎಂದರು. ಒಳರೋಗಿಗಳು ಕಂಡುಬಂದಿಲ್ಲ ಎಂದು ನಮ್ಮೆದುರಿಗೇ ಬರೆದು, ನನ್ನ ಸಹಿ ಪಡೆದು, ಜೀಪು ಹತ್ತಿದರು. ಆ ಸಹಾಯಧನ ಮುಂದಿನ ವರ್ಷವೂ ಬರಲಿಲ್ಲ.

ಒಳಗೆ ಬಂದಾಗ ಟರ್ನರ್ ಮಂಚದ ತುದಿಯಲ್ಲಿ ಕೂತಿದ್ದ. "ಒಂದು ವಾರ ಅಂದಿದ್ರೆ ಏನಾಗ್ತಿತ್ತಪ್ಪಾ?" ಎಂದರು ಕಾರ್ಯದರ್ಶಿಗಳು, ಬೈಯುವ ಧ್ವನಿಯಲ್ಲಲ್ಲ, ಸುಸ್ತಾದ ಧ್ವನಿಯಲ್ಲಿ. ಬಾಯಾಳಿ, "ಮಗಾ, ನೀನು ಲೇತ್ ಬಿಟ್ಟು ಕೋರ್ಟಲ್ಲಿ ಸಾಕ್ಷಿ ಹೇಳೋಕೆ ಹೋಗು ಕಣೋ," ಎಂದ. ಈ ಸಲ ಯಾರೂ ನಗಲಿಲ್ಲ.

ಆಗ ನಾನು ಆಡಬೇಕಾಗಿದ್ದ ಮಾತು ಒಂದಿತ್ತು. ನೀನು ಹೇಳಿದ್ದು ಸರಿ, ಇಲ್ಲಿ ಕಲಿತದ್ದನ್ನೇ ಹೇಳಿದೆ, ಸುಳ್ಳು ನಮ್ಮದು. ನಾನು ಆ ಮಾತು ಆಡಲಿಲ್ಲ. ಐದರೊಳಗೆ ಚಾದರ, ಮಂಚ ವಾಪಸ್ ಹೋಗಬೇಕೆಂದು ಷಾಮಿಯಾನದವನು ಹೇಳಿದ್ದ. ನಾನು ಚಾದರ ಮಡಿಸುತ್ತಿದ್ದೆ.

"ಬಟ್ಟೆ ಕೊಡ್ತೀರಾ ಸಿಸ್ಟರ್?"

ಬೀಗದ ಕೈಯನ್ನು ಹಿಂದಕ್ಕೆ ಚಾಚಿದೆ. "ಸಂಜೆ ಕೂತು ಹೋಗು," ಎಂದೆ. "ಹೂಂ," ಎಂದ. ಗಿರಣಿಯವರೂ ಬಟ್ಟೆ ಹಾಕಿಕೊಂಡು ಮನೆಗೆ ಹೊರಟರು.

ನಾಲ್ಕೂಮುಕ್ಕಾಲಿಗೆ ಒಬ್ಬೊಬ್ಬರಾಗಿ ಹಗಲಿನವರು ಬಂದರು. ಹದಿನಾರು ಮಂದಿಯೂ ಬಂದರು, ಎಲ್ಲರ ಕೈಗಳಲ್ಲೂ ಗ್ರೀಸು, ಹಿಟ್ಟು, ಸಿಮೆಂಟು. ಅಧಿಕಾರಿ ನೋಡಬೇಕಾಗಿದ್ದುದು ಇದನ್ನು. ಟರ್ನರ್ ಬರಲಿಲ್ಲ. ಹೊರಗೆ ನೋಡಿದೆ, ಸೈಕಲ್ ಇರಲಿಲ್ಲ. ಮನೆಗೆ ಹೋಗಿರಬಹುದೆಂದುಕೊಂಡೆ. ಪುರಿ ಹಂಚಿದೆ. ಇಷ್ಟು ವರ್ಷ ಕಳೆದ ಮೇಲೂ ಆ ಒಂದು ಗಂಟೆಗೆ ನನ್ನ ಹತ್ತಿರ ಸಮಾಧಾನವಿಲ್ಲ.

ಐದೂಮುಕ್ಕಾಲಿಗೆ ಆತನ ಹೆಂಡತಿ ಏದುಸಿರು ಬಿಡುತ್ತ ಬಂದಳು. ಲಗ್ಗೆರೆಯಲ್ಲಿ ಮನೆಯಲ್ಲೇ ಊದುಬತ್ತಿ ಹೊಸೆಯುವ ಕೆಲಸ ಅವಳದು, ಬೆರಳುಗಳು ಕಪ್ಪಗಿದ್ದವು.

"ನಮ್ಮನೆಯವ್ರು ಇವತ್ತು ಕೆಲ್ಸಕ್ಕೇ ಬಂದಿಲ್ಲ ಅಂತ ಪಕ್ಕದ್ಮನೆಯವ್ರು ಹೇಳಿದ್ರು ಸಿಸ್ಟರ್. ಇಲ್ಲಿದಾರಾ?"

ಆತ ಮನೆಯಲ್ಲಿ ಏನೂ ಹೇಳಿರಲಿಲ್ಲ. ನಾನು ಎರಡು ವಾಕ್ಯದಲ್ಲಿ ನಡೆದದ್ದನ್ನು ಹೇಳಿದೆ. ಅವಳು ಕೂಗಾಡಲಿಲ್ಲ. "ಮಾತ್ರೆ ತಗೊಂಡಿದಾರಾ ಇವತ್ತು?" ಎಂದು ಮಾತ್ರ ಕೇಳಿದಳು. ತೆಗೆದುಕೊಂಡಿದ್ದ. ಇಬ್ಬರೂ ರಸ್ತೆಗೆ ಇಳಿದೆವು.

ಲಗ್ಗೆರೆಗೆ ಹೋಗುವ ದಾರಿಯಲ್ಲಿ, ಬಡಾವಣೆ ಮುಗಿದು ಹೊಲ ಶುರುವಾಗುವ ಕಡೆ ಸಾರಾಯಿ ಅಂಗಡಿ. ಮುಂದೆ ಹತ್ತಾರು ಸೈಕಲ್ಲುಗಳು. ಅವಳು ದೂರದಿಂದಲೇ ಗಂಡನದನ್ನು ಗುರುತು ಹಿಡಿದಳು. ನನ್ನ ಬಿಳಿ ಸೀರೆ ನೋಡಿ ಜನ ದಾರಿ ಬಿಟ್ಟರು. ಅಂಗಡಿಯವನು ಎದ್ದು ನಿಂತ.

"ಬನ್ನಿ ಸಿಸ್ಟರ್. ನಿಮ್ಮಿಂದ ನಮ್ಗೆ ಗಿರಾಕಿ ಕಮ್ಮಿ ಆಗೋದ್ರು."

"ಟರ್ನರ್‌ಗೆ ಯಾಕೆ ಕೊಟ್ರಿ? ನಮ್ಮ ಹತ್ರ ಮಾತ್ರೆ ತಗೊಳ್ತಾನೆ ಅಂತ ನಿಮ್ಗೆ ಗೊತ್ತಿಲ್ವಾ?"

"ಕೇಳ್ದ, ಕೊಟ್ಟೆ. ಹರಾಜಲ್ಲಿ ಹಿಡ್ದಿರೋ ಅಂಗ್ಡಿ ತಾಯಿ. ಇವ್ನಿಗೆ ಕೊಡಲ್ಲ, ಅವ್ನಿಗೆ ಕೊಡ್ತೀನಿ ಅಂದ್ರೆ ನಾಳೆ ನಾನು ಏನ್ ತಿನ್ಲಿ? ಮಾತ್ರೆ ನುಂಗಿರೋದು ಹಣೆ ಮೇಲೆ ಬರ್ದಿರುತ್ತಾ?" ಎಂದು ಹಿಂದಕ್ಕೆ ಕೈ ತೋರಿಸಿದ. "ಒಂದೇ ಗ್ಲಾಸು. ಅಷ್ಟಕ್ಕೇ ಹಂಗಾದ."

ಅಂಗಡಿಯ ಹಿಂದೆ ಕಲ್ಲಿನ ಮೇಲೆ ಆತ ಬಾಗಿ ಕೂತಿದ್ದ. ಮುಖ, ಕತ್ತು, ಎದೆಯವರೆಗೆ ಕೆಂಪು. ಎರಡು ಸಲ ವಾಂತಿಯಾಗಿತ್ತು. ನಾಡಿ ನೂರ ಮೂವತ್ತೆರಡು. ನಾನು ಮಣಿಕಟ್ಟು ಹಿಡಿದದ್ದೇ ಕಣ್ಣು ತೆರೆದ.

"ಎಲ್ಲಾರ್ ಮಾತ್ರೆನೂ ನಾನೇ ಕಳ್ದುಬಿಟ್ಟೆ ಸಿಸ್ಟರ್."

"ನೀನಲ್ಲ, ನಾನು," ಎಂದೆ. ಹೇಳಬೇಕಾಗಿದ್ದ ಹೊತ್ತಿಗೆ ಹೇಳದ ಮಾತು. ಆತನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಆಟೋ ಹಿಡಿದು ಕೋಣೆಗೆ ತಂದೆವು. ಮಂಚಗಳು ಹೋಗಿದ್ದವು, ಚಾಪೆಯ ಮೇಲೆ ಎಡಮಗ್ಗುಲಿಗೆ ಮಲಗಿಸಿ ಕಾಲು ಎತ್ತರಿಸಿದೆ. ಡಾಕ್ಟರಿಗೆ ಕಾರ್ಯದರ್ಶಿಗಳು ಫೋನು ಮಾಡಿದರು. ಅವರು ಬೇರೆ ಊರಿನಲ್ಲಿದ್ದರು. ಏಳೂವರೆಯೊಳಗೆ ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯುವುದೆಂದು ತೀರ್ಮಾನಿಸಿ ಐದೈದು ನಿಮಿಷಕ್ಕೆ ನಾಡಿ ನೋಡಿದೆ. ನೂರ ಇಪ್ಪತ್ತೆಂಟು. ನೂರ ಇಪ್ಪತ್ತೆಂಟು. ನೂರ ಇಪ್ಪತ್ತು. ಹದಿನಾರು ಮಂದಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ಅವರಲ್ಲಿ ಕೆಲವರು ಇನ್ನೆರಡು ವಾರಕ್ಕೆ ತಮ್ಮ ಗತಿ ಏನೆಂದು ಯೋಚಿಸುತ್ತಿದ್ದರೆಂದು ನನಗೆ ಗೊತ್ತಿತ್ತು. ಏಳಕ್ಕೆ, ನಿಯಮದಂತೆ, ಎದ್ದು ಹೋದರು.

ಏಳೂ ಇಪ್ಪತ್ತಕ್ಕೆ ನಾಡಿ ತೊಂಬತ್ತಾರು. ಕೆಂಪು ಇಳಿದಿತ್ತು. ಹೆಂಡತಿ ಚಮಚೆಯಲ್ಲಿ ಸಕ್ಕರೆ ನೀರು ಕುಡಿಸಿದಳು. ಆತ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ನನ್ನ ಕಡೆ ತಿರುಗಿ, "ಫ್ಯಾಕ್ಟ್ರಿಗೆ ಕಾಗ್ದ ಕೊಡ್ತೀನಿ ಅಂದಿದ್ರಂತೆ," ಎಂದಳು.

ಮೇಜಿನ ಮುಂದೆ ಕೂತೆ. ಜ್ವರ ಎಂದು ಬರೆಯಬಹುದಾಗಿತ್ತು. ಆ ದಿನಕ್ಕೆ ಸಾಕಾಗುವಷ್ಟು ಸುಳ್ಳು ಆಗಿತ್ತು. ನೌಕರರು ದಿನಾಂಕ 31ರಂದು ಕೆಲಸಕ್ಕೆ ಬಾರದಿರಲು ನನ್ನ ಒತ್ತಾಯವೇ ಕಾರಣ, ಕೆಲಸಕ್ಕೆ ಹೋಗುತ್ತೇನೆಂದು ಅವರು ಎರಡು ಸಲ ಕೇಳಿದರೂ ನಾನು ಬಿಡಲಿಲ್ಲ, ತಪ್ಪು ನನ್ನದು, ಇದಕ್ಕಾಗಿ ಅವರನ್ನು ದಂಡಿಸಬಾರದಾಗಿ ಕೋರಿಕೆ ಎಂದು ಬರೆದು, ಹೆಸರು, ಹುದ್ದೆ, ವಿಳಾಸ ಹಾಕಿ ಸಹಿ ಮಾಡಿದೆ.

"ಓದಿ ಹೇಳಿ ಸಿಸ್ಟರ್," ಎಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಓದಿದೆ.

"ಇದ್ರಿಂದ ಕೆಲ್ಸ ಉಳಿಯುತ್ತಾ?"

"ಗೊತ್ತಿಲ್ಲಮ್ಮ."

"ನಾಳೆ ಏಳೂವರೆಗೆ ಗೇಟಲ್ಲಿ ನಾನೇ ನಿಂತ್ಕೊಂಡು ಕೊಡ್ತೀನಿ," ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಕಾರ್ಯದರ್ಶಿಗಳು ಆಟೋ ತಂದು ಇಬ್ಬರನ್ನೂ ಹತ್ತಿಸಿದರು. ಸೈಕಲ್ ಅಂಗಡಿಯ ಮುಂದೆಯೇ ಉಳಿಯಿತು. ನಾನು ಚಾಪೆಯನ್ನು ಹೊರಗೆ ಒಯ್ದು ಒಗೆದೆ, ನೆಲಕ್ಕೆ ಫಿನಾಯಿಲ್ ಹಾಕಿ ಎರಡು ಸಲ ಒರೆಸಿದೆ, ಬಕೆಟ್ ಬೋರಲು ಹಾಕಿ ಬಾಗಿಲಿಗೆ ಬೀಗ ಹಾಕಿದೆ. ಆಗ ಎಂಟು ಗಂಟೆಗೆ ಐದು ನಿಮಿಷ ಇತ್ತು.